ಸೊನ್ನೆಯ ಗಾಳಿ

ಮುಕದ್ದಸ್ ಕೂತು ಚಹಾ ಕುಡಿದದ್ದನ್ನು ಕಂಡವರು ಆ ಸಿಮೆಂಟ್ ಕಾರ್ಖಾನೆಯ ಊರಿನಲ್ಲಿ ಯಾರೂ ಇರಲಿಲ್ಲ. ಬಟ್ಟಲನ್ನು ಅಂಗೈಯಲ್ಲಿ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಗುಟುಕರಿಸುವಳು. ಮದುವೆಯಾದ ಹೊಸತರಲ್ಲಿ ಅದನ್ನು ಕಂಡು ಅತ್ತೆ ಇನೋಯತ್ ಹೆದರಿದ್ದರಂತೆ, ಹುಡುಗಿ ತವರಿಗೆ ಓಡುವ ದಾರಿ ಹುಡುಕುತ್ತಿದ್ದಾಳೆಂದು. ಗಂಡನ ಹೆಸರು ತೋಖ್ತಾಸಿನ್. ಅವನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು, ಇದಾದರೂ ನಿಲ್ಲಲಿ ಎಂದು ಇಟ್ಟ ಹೆಸರು ಅದು. ‘ನಿಲ್ಲಲಿ ಅಂತ ಹೆಸರಿಟ್ಟವನಿಗೆ ನಿಂತಲ್ಲಿ ನಿಲ್ಲದವಳು ಗಂಟುಬಿದ್ದಳು’ ಎಂದು ಕೇರಿಯ ಹೆಂಗಸರು ನಗುತ್ತಿದ್ದರು. ಮುಕದ್ದಸ್ ಕೂಡ ನಗುತ್ತಿದ್ದಳು, ಆದರೆ ನಡೆಯುತ್ತಲೇ.

ಹತ್ತಿ ಬಿಡಿಸುವ ಮನೆತನದಲ್ಲಿ ಹುಟ್ಟಿದವಳು ಅವಳು. ಹೊಲದಲ್ಲಿ ಸಾಲು ಹಿಡಿದು ಹೋಗುವಾಗ ಇವಳು ಮಾತ್ರ ಸಾಲು ಬಿಟ್ಟು ನೀರಿನ ಪಂಪು ಯಾಕೆ ಹಾಗೆ ಕೂಗುತ್ತಿದೆ ಎಂದು ನೋಡಲು ಓಡುವಳು. ಬೈದು ಬೈದು ಸಾಕಾದ ತಂದೆ ಕೊನೆಗೆ ಅವಳನ್ನು ಫರ್ಗಾನಾದ ತಾಂತ್ರಿಕ ಶಾಲೆಗೆ ಸೇರಿಸಿದರು. ಅಲ್ಲಿಂದ ಸಿಮೆಂಟ್ ಕಾರ್ಖಾನೆಯ ಮಾಪಕ ವಿಭಾಗಕ್ಕೆ ಬಂದಾಗ ಅವಳಿಗೆ ಸಿಕ್ಕ ಗುರು ತ್ಸೋಯ್ ಎಂಬ ಕೊರಿಯಾದ ಮುದುಕ. ಅವನ ಮನೆಯವರನ್ನು ಹಿಂದಿನ ಕಾಲದಲ್ಲಿ ರೈಲಿನಲ್ಲಿ ತುಂಬಿ ತಂದು ಈ ಸೀಮೆಯಲ್ಲಿ ಇಳಿಸಿದ್ದರು. ಅವನು ಹೆಚ್ಚು ಮಾತಾಡುವವನಲ್ಲ. ಯಾವುದಾದರೂ ಮಾಪಕ ತಪ್ಪು ತೋರಿಸಿದರೆ ಮುಕದ್ದಸ್ ಕೂಡಲೇ ತಿರುಪುಳಿ ಕೈಗೆತ್ತಿಕೊಳ್ಳುವಳು. ಅವನು ಅದನ್ನು ಕಸಿದು ಜೇಬಿಗೆ ಹಾಕಿಕೊಂಡು ಹೇಳುವನು:

“ತಿರುಪು ಮುಟ್ಟೋಕೆ ಮುಂಚೆ ಸುತ್ತ ಒಂದು ಸುತ್ತು ಹಾಕ್ಕೊಂಡು ಬಾ. ಹೇಗಿದ್ರೂ ನಿನ್ನ ಕಾಲು ಸುಮ್ನಿರಲ್ಲ.”

ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ಸಿಮೆಂಟಿಗೆ ಕಲ್ಲು ಸುಡುವ ಗೂಡಿನ ಬುಡದಲ್ಲಿದ್ದ ತಗಡಿನ ಕೋಣೆ, ಅದರೊಳಗಿನ ಅವಗೆಂಪು ಕಿರಣದ ಅನಿಲ ಮಾಪಕ ಈಗ ಮುಕದ್ದಸ್‌ಳ ಪಾಲಿಗೆ ಬಂದಿದ್ದವು. ಗೂಡಿನ ಹೊಗೆಯಲ್ಲಿ ಒಂದಿಷ್ಟನ್ನು ಆ ಯಂತ್ರ ಸಣ್ಣ ಕೊಳವೆಯಲ್ಲಿ ಎಳೆದುಕೊಳ್ಳುತ್ತಿತ್ತು. ಧೂಳು ಸೋಸಿ, ತಣಿಸಿ, ನೀರಿನಂಶ ಇಳಿಸಿ, ಗೇಣುದ್ದದ ನಳಿಗೆಯೊಳಗೆ ಬಿಡುತ್ತಿತ್ತು. ನಳಿಗೆಯ ಒಂದು ತುದಿಯಲ್ಲಿ ಕಣ್ಣಿಗೆ ಕಾಣದ ಬೆಳಕು, ಇನ್ನೊಂದು ತುದಿಯಲ್ಲಿ ಆ ಬೆಳಕನ್ನು ಅಳೆಯುವ ಕಣ್ಣು. ನಡುವಿನ ಹೊಗೆಯಲ್ಲಿ ಇಸ್ ಎಷ್ಟಿದೆಯೋ ಅಷ್ಟು ಬೆಳಕನ್ನು ಅದು ನುಂಗುತ್ತದೆ. ಎಷ್ಟು ನುಂಗಿತೆಂದು ನೋಡಿ ಇಸ್ ಎಷ್ಟಿದೆಯೆಂದು ಯಂತ್ರ ಹೇಳುತ್ತದೆ.

ಇಸ್ ಎಂದರೇನೆಂದು ಆ ಕಡೆಯ ಮಕ್ಕಳಿಗೂ ಗೊತ್ತು. ಚಳಿಗಾಲದಲ್ಲಿ ಕದ ಮುಚ್ಚಿದ ಕೋಣೆಯ ಕಲ್ಲಿದ್ದಲ ಒಲೆಯಿಂದ ಏಳುವ, ಬಣ್ಣವಿಲ್ಲದ, ವಾಸನೆಯಿಲ್ಲದ ಗಾಳಿ. ಮಲಗಿದವರನ್ನು ಮಲಗಿದಲ್ಲೇ ಮುಗಿಸುವಂಥದ್ದು. ಗೂಡಿನಲ್ಲಿ ಅದರ ಕೇಡು ಬೇರೆ ರೀತಿಯದು. ಗೂಡಿನ ಹೊಗೆಯೆಲ್ಲ ಮೂರು ಮಾಳಿಗೆಯ ಮನೆಯಷ್ಟೆತ್ತರದ ವಿದ್ಯುತ್ ಫಿಲ್ಟರನ್ನು ಹಾದು ಚಿಮಣಿಗೆ ಹೋಗಬೇಕು. ಅಲ್ಲಿನ ತಟ್ಟೆಗಳ ನಡುವೆ ಆಗಾಗ ಕಿಡಿ ಹಾರುತ್ತಲೇ ಇರುತ್ತದೆ. ಇಸ್ ಮಿತಿಮೀರಿ ಅಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು, ಫಿಲ್ಟರ್ ಸಿಡಿದು ಅದರ ಮೇಲಿದ್ದವರು ಕೆಳಗಿದ್ದವರು ಎಲ್ಲ ಹೋದಂತೆಯೇ. ಅದಕ್ಕೇ ಮಾಪಕದ ಅಂಕಿ ನೂರಕ್ಕೆ ಪಾಯಿಂಟ್ ಆರು ಮುಟ್ಟಿದ ಕೂಡಲೇ ಫಿಲ್ಟರಿನ ವಿದ್ಯುತ್ ತಾನಾಗಿ ಕಡಿದುಹೋಗುವಂತೆ ಮಾಡಿದ್ದರು. ಆಗ ಧೂಳು ಸೋಸದೆ ಊರ ಮೇಲೆ ಬೀಳುತ್ತದೆ, ನಿಜ. ಆದರೆ ಅದು ಬೀಳುವುದಕ್ಕೆ ಒಂದು ಊರು ಉಳಿದಿರುತ್ತದೆ.

ಆ ವರ್ಷದ ನವ್ರೂಜ್ ಹಬ್ಬಕ್ಕೆ ಕಾರ್ಖಾನೆಯ ಹೆಂಗಸರು ಸುಮಲಾಕ್ ಬೇಯಿಸಲು ಜಾಗ ಹುಡುಕುತ್ತಿದ್ದರು. ಮೊಳಕೆ ಗೋಧಿಯ ಹಾಲಿಗೆ ಹಿಟ್ಟು, ಎಣ್ಣೆ ಸೇರಿಸಿ ದೊಡ್ಡ ಕೊಪ್ಪರಿಗೆಯಲ್ಲಿ ಒಂದು ಸಂಜೆಯಿಂದ ಮರುದಿನದವರೆಗೂ ಕೈಬಿಡದೆ ತಿರುವಬೇಕು. ಕೈ ನಿಂತರೆ ತಳ ಹಿಡಿಯುತ್ತದೆ. ಎಂದಿನಂತೆ ಊಟದ ಮನೆಯ ಅಂಗಳದಲ್ಲಿ ಬೇಯಿಸೋಣವೆಂದರೆ ಅಲ್ಲಿ ನೀರಿನ ಕೊಳವೆಗಾಗಿ ಅಗೆದು ಗುಂಡಿ ಮಾಡಿಟ್ಟಿದ್ದರು. ಬಯಲಿನಲ್ಲಿ ಒಲೆ ಹೂಡೋಣವೆಂದರೆ ಬೆಟ್ಟದಿಂದ ಬರುವ ಗಾಳಿ ಬೆಂಕಿಯನ್ನು ಇರಗೊಡುವುದಿಲ್ಲ. ಆಗ ಮುಕದ್ದಸ್‌ಳೇ ಹೇಳಿದ್ದಳು:

“ನನ್ನ ಕೋಣೆ ಹಿಂದೆ ಬನ್ನಿ. ಗೋಡೆ ಮರೆಯಿದೆ. ಹಾಯಾಗಿ ಬೇಯುತ್ತೆ.”

ಹಬ್ಬದ ಬೆಳಿಗ್ಗೆ ಅವಳು ಪಾಳಿಗೆ ಬಂದಾಗ ಕೊಪ್ಪರಿಗೆ ಕುದಿಯುತ್ತಿತ್ತು. ಹಿಂದಿನ ಸಂಜೆಯಿಂದ ಸರದಿಯ ಮೇಲೆ ತಿರುವುತ್ತಿದ್ದ ಹೆಂಗಸರ ಕಣ್ಣು ಹೊಗೆಗೆ ಕೆಂಪಾಗಿದ್ದವು. ಅತ್ತೆ ಇನೋಯತ್ ಒಲೆಯ ಮುಂದೆ ಮಣೆ ಹಾಕಿಕೊಂಡು ಹತ್ತಿಕಡ್ಡಿ ಒಡ್ಡುತ್ತಿದ್ದರು. ಪ್ರಯೋಗಶಾಲೆಯ ಬಹ್ರಿನಿಸೊ ಹುಟ್ಟು ಹಿಡಿದಿದ್ದಳು. ಕಿರಿಯ ಹೆಂಗಸರೆಲ್ಲ ಮುಕದ್ದಸ್‌ಳನ್ನು ಅಕ್ಕ ಎಂಬರ್ಥದಲ್ಲಿ ಓಪಾ ಎನ್ನುತ್ತಿದ್ದರು.

“ಬನ್ನಿ ಓಪಾ, ಮನಸ್ಸಲ್ಲಿ ಒಂದು ಬೇಡಿಕೆ ಇಟ್ಕೊಂಡು ನಾಲ್ಕು ಸಲ ತಿರುವಿ.”

“ಬಂದೆ, ಯಂತ್ರ ನೋಡ್ಕೊಂಡು ಬಂದೆ.”

“ಬೇಡ ಬಿಡ್ರೇ! ಓಪಾ ಹುಟ್ಟು ಹಿಡಿದ್ರೆ ಕೊಪ್ಪರಿಗೇನೂ ಎದ್ದು ಓಡಾಡೋಕೆ ಶುರುಮಾಡುತ್ತೆ” ಎಂದಳು ಇನ್ನೊಬ್ಬಳು.

ನಗು ಕೇಳುತ್ತಿದ್ದಂತೆ ಮುಕದ್ದಸ್ ಬಿಸ್ಮಿಲ್ಲಾ ಎಂದು ಕೋಣೆಯ ಬಾಗಿಲು ತೆರೆದಳು. ಮಾಪಕದ ಅಂಕಿ ಕಂಡದ್ದೇ ಹತ್ತಿರ ಹೋಗಿ ಮತ್ತೊಮ್ಮೆ ಓದಿದಳು. ಪಾಯಿಂಟ್ ಸೊನ್ನೆ ಮೂರು. ದಿನವೂ ಪಾಯಿಂಟ್ ಎರಡರ ಆಸುಪಾಸಿನಲ್ಲಿ ಇರುತ್ತಿದ್ದದ್ದು ಇಂದು ಇಲ್ಲವೆನ್ನುವಷ್ಟು ಇಳಿದಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗೂಡಿನ ಮೇಲ್ವಿಚಾರಕ ಗೈರತ್. ಅವನನ್ನು ಅವಳು ಅಣ್ಣ ಎಂಬರ್ಥದಲ್ಲಿ ಅಕಾ ಎನ್ನುತ್ತಿದ್ದಳು.

“ನೋಡಿದ್ಯಾ ಮುಕದ್ದಸ್? ನಮ್ಮ ಗೂಡು ಹಬ್ಬಕ್ಕೆ ಸ್ನಾನ ಮಾಡ್ಕೊಂಡು ಕೂತಿದೆ! ಇಷ್ಟು ಚೊಕ್ಕಟವಾಗಿ ಯಾವತ್ತು ಉರಿದಿತ್ತು ಹೇಳು?”

“ಅಕಾ, ಕಲ್ಲಿದ್ದಲು ಬದಲಾಯಿಸಿದ್ರಾ?”

“ಅದೇ ಒದ್ದೆ ಕಲ್ಲಿದ್ದಲು. ಇನ್ನೂ ಸ್ವಲ್ಪ ಜಾಸ್ತಿ ಹಾಕಿಸ್ತಾ ಇದೀನಿ. ಕಡಿಮೆ ತೋರಿಸ್ತಿದೆ ಅಲ್ವಾ, ಜಾಗ ಇದೆ.”

“ಪಕ್ಕದ ಮಾಪಕದಲ್ಲಿ ಆಮ್ಲಜನಕ ಒಂದಕ್ಕೆ ಇಳಿದಿದೆ, ಅಕಾ. ಅದು ಅಷ್ಟು ಕಡಿಮೆಯಾದ್ರೆ ಇಸ್ ಏರಬೇಕಲ್ವಾ?”

“ನಿಂದು ಒಳ್ಳೇ ಕಥೆ. ಹೆಚ್ಚು ಬಂದ್ರೂ ಅಳ್ತೀಯ, ಕಡಿಮೆ ಬಂದ್ರೂ ಅಳ್ತೀಯ. ಹೋಗು, ಸುಮಲಾಕ್ ತಿರುವು.”

ಫೋನು ಇಟ್ಟು ಅವಳು ಬಾಗಿಲಿಗೆ ಹೋದಳು, ಮತ್ತೆ ಬಂದಳು. ಹಿಟ್ಟಿನ ಡಬ್ಬ ಬರಿದಾಗಿದೆ, ಬುಟ್ಟಿಯಲ್ಲಿ ರೊಟ್ಟಿಯೂ ಇಲ್ಲ ಎಂದರೆ ಮನೆಯೊಡತಿ ನಂಬುತ್ತಾಳೆಯೆ? ಹಿಟ್ಟು ಎಲ್ಲಿಗೋ ಹೋಗಿರಲೇಬೇಕು. ಆಮ್ಲಜನಕ ಉರಿದುಹೋಗಿ ಇಸ್ ಹುಟ್ಟದಿರುವುದೂ ಹಾಗೆಯೇ.

ಬಾಗಿಲಿನಿಂದ ತಲೆಯೆತ್ತಿದರೆ ಫಿಲ್ಟರಿನ ತಾರಸಿ ಕಾಣುತ್ತಿತ್ತು. ಅಲ್ಲಿ ಮೂವರು ಬಗ್ಗಿ ಕೆಲಸ ಮಾಡುತ್ತಿದ್ದರು. ತಟ್ಟೆಗಳಿಗೆ ಅಂಟಿದ ಧೂಳನ್ನು ಬಡಿದು ಬೀಳಿಸುವ ಸುತ್ತಿಗೆಯ ಮೋಟಾರು ಕೆಟ್ಟಿತ್ತು. ಹಬ್ಬದ ದಿನ ಫಿಲ್ಟರ್ ನಿಲ್ಲಿಸುವುದು ಬೇಡವೆಂದು ಅದು ನಡೆಯುತ್ತಿರುವಾಗಲೇ ರಿಪೇರಿಗೆ ಹತ್ತಿದ್ದರು. ಮೂವರಲ್ಲಿ ಹಸಿರು ಅಂಗಿಯವನು ತೋಖ್ತಾಸಿನ್.

ಅವಳು ಕೆಲಸಕ್ಕೆ ಕೈಹಾಕಿದಳು. ಹೊಗೆ ಎಳೆಯುವ ಕೊಳವೆ ಎಲ್ಲಾದರೂ ಬಿರುಕುಬಿಟ್ಟು ಹೊರಗಿನ ಗಾಳಿ ನುಸುಳಿದರೆ ಇಸ್ ಕಡಿಮೆ ಕಾಣುತ್ತದೆ. ಆದರೆ ಹಾಗಾದರೆ ಆಮ್ಲಜನಕ ಏರಬೇಕಿತ್ತು. ಆದರೂ ಒಂದೊಂದು ಕೂಡುಗಂಟಿಗೂ ಸೋಪಿನ ನೀರು ಹಚ್ಚಿ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ತಣಿಸುವ ಪೆಟ್ಟಿಗೆಯ ನೀರು ಸರಿಯಾಗಿ ಇಳಿಯುತ್ತಿತ್ತು. ಹರಿವು ಸರಿಯಿತ್ತು.

ಉಳಿದದ್ದು ಅಳತೆಯ ಸಿಲಿಂಡರ್. ಅದರಲ್ಲಿ ಇಸ್ ಇಂತಿಷ್ಟೇ ಇದೆಯೆಂದು ತೂಗಿ ತುಂಬಿ ಚೀಟಿ ಅಂಟಿಸಿರುತ್ತಾರೆ. ಯಂತ್ರ ಆ ಅಂಕಿಯನ್ನೇ ತೋರಿಸಬೇಕು. ಇದರಲ್ಲೊಂದು ತೊಡಕಿತ್ತು. ಸಿಲಿಂಡರಿನ ಅನಿಲ ಬಿಡುವಷ್ಟು ಹೊತ್ತು ಯಂತ್ರ ಗೂಡಿನ ಕಡೆ ಕಣ್ಣುಮುಚ್ಚಿರುತ್ತದೆ. ಫಿಲ್ಟರನ್ನು ತಾನಾಗಿ ಕಡಿಯುವ ಏರ್ಪಾಡೂ ಆಗ ಕೆಲಸ ಮಾಡುವುದಿಲ್ಲ, ಅಲ್ಲಿ ಏನಾದರೂ ಆದರೆ ಕಾವಲಿಲ್ಲ. ಮುಕದ್ದಸ್ ಮತ್ತೊಮ್ಮೆ ಹಸಿರು ಅಂಗಿಯ ಕಡೆ ನೋಡಿದಳು. ತುಟಿಯಲ್ಲೇ ದೇವರ ಹೆಸರು ಹೇಳುತ್ತ ಕವಾಟ ತಿರುಗಿಸಿದಳು.

ಚೀಟಿಯಲ್ಲಿದ್ದದ್ದು ಪಾಯಿಂಟ್ ಎಂಟು. ಯಂತ್ರ ಪಾಯಿಂಟ್ ಆರಕ್ಕೆ ಬಂದು ನಿಂತಿತು.

ಫೋನಿನಲ್ಲಿ ಗೈರತ್ ಹೇಳಿದ:

“ಕಡಿಮೆ ತೋರಿಸ್ತಾ? ತಿರುಪು ತಿರುಗಿಸಿ ಎಂಟಕ್ಕೆ ಕೂಡಿಸಿಬಿಡು. ಎರಡು ನಿಮಿಷದ ಕೆಲಸ.”

“ಕೆಳಗೆ ಗೂಡಿನ ಅಂಕೀಲೂ ಎರಡು ಕಡಿಮೆ, ಮೇಲೆ ಸಿಲಿಂಡರಿನ ಅಂಕೀಲೂ ಎರಡು ಕಡಿಮೆ, ಅಕಾ. ಕಣ್ಣು ಮಂಜಾಗಿದ್ರೆ ಮೇಲೆ ಹೋದಷ್ಟೂ ತಪ್ಪು ಹೆಚ್ಚಬೇಕು. ಇದು ಹಾಗಲ್ಲ. ಇದರ ನೆಲಾನೇ ಜಾರಿದೆ. ಸೊನ್ನೆ ತಪ್ಪಿದೆ.”

“ಸೊನ್ನೆ ಬೆಳಿಗ್ಗೆ ತಾನಾಗಿ ಹಾಕ್ಕೊಂಡಿದೆಯಲ್ಲ! ನಿನ್ನ ಯಂತ್ರ, ನಿನ್ನ ಗಾಳಿ.”

ಅದು ನಿಜ. ಪ್ರತಿದಿನ ಬೆಳಿಗ್ಗೆ ಯಂತ್ರ ಗೋಡೆಯಾಚೆಯಿಂದ ಒಳ್ಳೆಯ ಗಾಳಿ ಎಳೆದುಕೊಂಡು, ಇದರಲ್ಲಿ ಇಸ್ ಇಲ್ಲ, ಇದೇ ಸೊನ್ನೆ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಅದಕ್ಕೆಂದೇ ತರಿಸುವ ಸಾರಜನಕದ ಸಿಲಿಂಡರ್ ಬರಿದಾಗಿ ಚಳಿಗಾಲವೇ ಕಳೆದಿತ್ತು, ಹೊಸದು ಬಂದಿರಲಿಲ್ಲ. ಗಾಳಿಗೇನು ಬರ, ಅದರಲ್ಲೇ ನಡೆಯುತ್ತಿತ್ತು.

“ಒಂದು ಸಲ ಸೊನ್ನೆಯ ಗಾಳಿ ಬಿಟ್ಟು ನೋಡ್ತೀನಿ. ಅಲ್ಲೀತನಕ ಕಲ್ಲಿದ್ದಲು ಕಡಿಮೆ ಮಾಡಿಸಿ.”

“ಮಾಡಿಸೋಣ, ಮಾಡಿಸೋಣ” ಎಂದ ಗೈರತ್, ಮಾಡಿಸದವರು ಹೇಳುವ ದನಿಯಲ್ಲಿ.

ಅವಳು ಗಾಳಿಯ ಕವಾಟ ತೆರೆದಳು, ಗುರುತು ಹಾಕುವ ಗುಂಡಿ ಮಾತ್ರ ಒತ್ತಲಿಲ್ಲ. ಅಂಕಿ ಸೊನ್ನೆಗೆ ಬಂತು. ಆದರೆ ನಿಲ್ಲಲಿಲ್ಲ. ಸೊನ್ನೆಯಿಂದ ಮೇಲೆದ್ದಿತು, ಸೊನ್ನೆಗಿಂತ ಕೆಳಗಿಳಿದು ಋಣ ತೋರಿಸಿತು, ಮತ್ತೆ ಎದ್ದಿತು. ಒಳ್ಳೆಯ ಗಾಳಿ ಬಿಟ್ಟಾಗ ಸೊನ್ನೆ ಎಂಬುದು ಮೊಳೆ ಹೊಡೆದ ಹಾಗೆ ಕೂರುತ್ತಿತ್ತು. ಇಂದು ಅದು ಉಸಿರಾಡುತ್ತಿತ್ತು. ಯಂತ್ರದೊಳಗೆ ಹೀಗೆ ಏರಿಳಿಯುವುದು ಏನೂ ಇರಲಿಲ್ಲ. ಏರಿಳಿಯುವುದು ಗಾಳಿಯಲ್ಲೇ ಇರಬೇಕು.

ಅವಳ ಕೈ ತಾನಾಗಿ ತಿರುಪುಳಿಯ ಕಡೆ ಹೋಯಿತು. ಅದನ್ನು ಮೇಜಿನ ಮೇಲೆ ಬಿಟ್ಟು, ತ್ಸೋಯ್ ಹೇಳುತ್ತಿದ್ದಂತೆ ಸುತ್ತು ಹಾಕಲು ಎದ್ದಳು. ಮೊದಲು ಗಾಳಿಯ ಕೊಳವೆಗೆ ಸಿಕ್ಕಿಸಿದ್ದ ಸೋಸುಬಟ್ಟೆಯ ಮುಚ್ಚಳ ಬಿಚ್ಚಿದಳು. ಬಿಳಿಯ ಬಟ್ಟೆ ಕಪ್ಪಾಗಿತ್ತು. ಮೂಗಿಗೆ ಹಿಡಿದಳು. ತವರುಮನೆಯ ಅಡುಗೆಕೋಣೆಯ ವಾಸನೆ; ಸುಟ್ಟ ಹತ್ತಿಕಡ್ಡಿಯದು.

ಮುಕದ್ದಸ್ ಹೊರಗೆ ಓಡಿ ಗೋಡೆಯನ್ನು ಸುತ್ತಿ ಬಂದಳು. ಅಲ್ಲಿ, ಕೊಪ್ಪರಿಗೆಯ ಅಂಚಿನಿಂದ ಒಂದು ಮೊಳ ಮೇಲೆ, ಹೊಗೆ ಸುತ್ತಿ ಸುಳಿಯುವ ಜಾಗದಲ್ಲೇ, ಗೋಡೆಯಿಂದ ಬೆರಳುದಪ್ಪದ ಕೊಳವೆ ಬಾಯಿ ತೆರೆದುಕೊಂಡು ನಿಂತಿತ್ತು. ರಸ್ತೆ ಬದಿಯಲ್ಲಿ ಪದೇ ಪದೇ ಧೂಳು ಕಟ್ಟುತ್ತಿದೆಯೆಂದು ಹೋದ ಶರತ್ಕಾಲದಲ್ಲಿ ಅದನ್ನು ಈ ಹಿಂಗೋಡೆಗೆ ತಿರುಗಿಸಿದವಳು ಅವಳೇ. ಒಲೆಗೆ ಇದೇ ಗೋಡೆ ತೋರಿಸಿದವಳೂ ಅವಳೇ. ಬೆಳಿಗ್ಗೆ ಯಂತ್ರ ಒಲೆಯ ಹೊಗೆ ಕುಡಿದು, ಅದರ ಇಸ್ಸನ್ನೇ ಸೊನ್ನೆಯೆಂದು ನಂಬಿತ್ತು. ಅಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ತೋರಿಸುತ್ತಿತ್ತು.

ಅವಳು ಒಳಗೆ ಓಡಿ ಯಂತ್ರವನ್ನು ಮತ್ತೆ ಗೂಡಿನ ಹೊಗೆಗೆ ತಿರುಗಿಸಿದಳು. ಅಂಕಿ ಮೇಲೇರುತ್ತ ಪಾಯಿಂಟ್ ನಾಲ್ಕನ್ನು ದಾಟಿತು. ಕಳೆದುಹೋದ ಎರಡನ್ನು ಸೇರಿಸಿದರೆ ಮಿತಿ ಮೀರಿತ್ತು. ಗೈರತ್ ಕಲ್ಲಿದ್ದಲು ಕಡಿಮೆ ಮಾಡಿಸಿರಲೇ ಇಲ್ಲ. ಫೋನು ಎತ್ತಿದಳು.

“ಅಕಾ, ಫಿಲ್ಟರ್ ಕಡೀರಿ. ಈಗಲೇ! ನಿಜವಾದ ಅಂಕಿ ಆರರ ಮೇಲಿದೆ.”

“ನನ್ನ ಪರದೆಯಲ್ಲಿ ನಾಲ್ಕು ಇದೆಯಲ್ಲ! ಊರಿನ ಹಿರಿಯರು ದುವಾ ಓದೋಕೆ ಹೊರಟಿದ್ದಾರೆ. ಹಬ್ಬದ ಅನ್ನದ ಮೇಲೆ ಬೂದಿ ಸುರಿಯೋಣ ಅಂತೀಯಾ? ಅವರು ಓದಿ ಮುಗಿಸ್ಲಿ, ಆಮೇಲೆ ನೋಡೋಣ.”

“ಸೊನ್ನೆ ಸುಳ್ಳು, ಅಕಾ! ಒಲೆ ಹೊಗೆ ಕುಡಿದಿದೆ!”

“ಯಾವ ಒಲೆ?”

ವಿವರಿಸುತ್ತ ನಿಲ್ಲಲು ಅವಳಿಂದಾಗಲಿಲ್ಲ. ಮಾಪಕದ ಪೆಟ್ಟಿಗೆಯ ಪಕ್ಕದಲ್ಲಿ, ಅಂಕಿ ತಪ್ಪಿದರೂ ಕೈಯಿಂದ ಫಿಲ್ಟರ್ ಕಡಿಯಲೆಂದು ಇಟ್ಟಿದ್ದ ಕೆಂಪು ಗುಂಡಿಯಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಅತ್ತೆ ಹಿಂದಿನ ಸಂಜೆಯಿಂದ ಕಣ್ಣು ಮುಚ್ಚದೆ ಕಾದ ಕೊಪ್ಪರಿಗೆ ಬಾಯಿ ತೆರೆದುಕೊಂಡು ಹೊರಗಿದೆ ಎಂಬುದು ಅವಳಿಗೆ ಆ ಕ್ಷಣದಲ್ಲೂ ನೆನಪಿತ್ತು. ಗುಂಡಿ ಒತ್ತಿದಳು. ಫಿಲ್ಟರಿನ ಗುಂಯ್‌ಗುಡುವ ಸದ್ದು ತಟ್ಟನೆ ನಿಂತಿತು. ಹಗಲೆಲ್ಲ ಕಿವಿಯಲ್ಲಿದ್ದದ್ದು ನಿಂತಾಗ ಊರೇ ಕಿವುಡಾದಂತಾಯಿತು.

“ಮುಚ್ಚಿ! ಕೊಪ್ಪರಿಗೆ ಮುಚ್ಚಿ!” ಎನ್ನುತ್ತ ಅವಳು ಹಿಂಗೋಡೆಗೆ ಓಡಿದಳು. “ಧೂಳು ಬರುತ್ತೆ!”

ಇನೋಯತ್ ಮಣೆಯಿಂದ ಏಳಲಿಲ್ಲ. “ಮುಚ್ಚಿದ್ರೆ ತಿರುವೋದು ಹೇಗೆ? ತಿರುವದಿದ್ರೆ ತಳ ಹಿಡಿಯುತ್ತೆ. ಯಾರು ಸತ್ರು ಅಂತ ಹೀಗೆ ಕೂಗ್ತೀಯ?”

“ಸಾಯಬಾರದು ಅಂತಲೇ ಕೂಗ್ತಿರೋದು, ಅಮ್ಮಾ! ನಿಮ್ಮ ಮಗ ಮೇಲಿದ್ದಾರೆ!”

ಅತ್ತೆ ಒಮ್ಮೆ ಸೊಸೆಯ ಮುಖ ನೋಡಿದರು, ಒಮ್ಮೆ ಫಿಲ್ಟರಿನ ತಾರಸಿ ನೋಡಿದರು. ಕೂಡಲೇ ಮಣೆ ಬಿಟ್ಟೆದ್ದರು. ಹಿರಿಯರ ಊಟಕ್ಕೆಂದು ನೆಲದ ಮೇಲೆ ಹಾಸಿದ್ದ ಹೊಸ ದಸ್ತರಖಾನನ್ನು ಸರ್ರನೆ ಎಳೆದು ಕೊಡವಿದರು. ಅದರ ಮೇಲಿದ್ದ ಬಟ್ಟಲು, ಒಣದ್ರಾಕ್ಷಿ, ರೊಟ್ಟಿ ಎಲ್ಲ ಉರುಳಿದವು.

“ಹಿಡ್ಕೊಳ್ರೇ ಮೂಲೆ! ಬಹ್ರಿನಿಸೊ, ನೀನು ಅಡಿಗೆ ಬಂದು ತಿರುವು. ಕೈ ನಿಲ್ಲಿಸಿದ್ರೆ ನೋಡು!”

ನಾಲ್ವರು ಹೆಂಗಸರು ಬಟ್ಟೆಯ ನಾಲ್ಕು ಮೂಲೆ ಹಿಡಿದು ಕೊಪ್ಪರಿಗೆಯ ಮೇಲೆ ಚಪ್ಪರದಂತೆ ಎತ್ತಿದರು. ಬಹ್ರಿನಿಸೊ ಅದರಡಿಯಲ್ಲಿ ಬಗ್ಗಿ, ಆವಿಗೆ ಮುಖ ಕೊಟ್ಟು ಹುಟ್ಟು ತಿರುವಿದಳು. ಚಿಮಣಿಯಿಂದ ಹೊರಟ ಕಂದು ಮೋಡ ಬೆಟ್ಟದ ಗಾಳಿಗೆ ಬಾಗಿ, ಮೆಲ್ಲಗೆ ಊರ ಮೇಲೆ ಇಳಿಯತೊಡಗಿತು. ತಲೆವಸ್ತ್ರಗಳ ಬಣ್ಣ ಮಾಸಿತು. ರೆಪ್ಪೆಗಳ ಮೇಲೆ ಬೂದಿ ಕೂತಿತು.

“ಓಪಾ, ನನ್ನ ಬೇಡಿಕೆ ಬೇರೆ ಏನೋ ಇತ್ತು” ಎಂದು ಬಟ್ಟೆಯಡಿಯಿಂದ ಬಹ್ರಿನಿಸೊ ಕೆಮ್ಮುತ್ತ ಕೂಗಿದಳು. “ಈಗ ಒಂದು ಲೋಟ ಒಳ್ಳೇ ಗಾಳಿ ಸಿಕ್ಕಿದ್ರೆ ಸಾಕು!”

ಗೈರತ್ ತಾನೇ ಇಳಿದು ಬಂದ. ಮುಖ ಕೋಪಕ್ಕೆ ಕೆಂಪೇರಿತ್ತು. ಮುಕದ್ದಸ್ ಅಷ್ಟರಲ್ಲಿ ಕೊಳವೆಗೆ ಉದ್ದನೆಯ ರಬ್ಬರು ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಮಸೀದಿಯ ಕಡೆಗಿನ ತೋಟದವರೆಗೆ ಎಳೆದುಕೊಂಡು ಹೋಗಿ, ಬಟ್ಟೆ ಸುತ್ತಿ, ಹಿಪ್ಪುನೇರಳೆ ಮರಕ್ಕೆ ಕಟ್ಟಿ ಬಂದಿದ್ದಳು. ಗಾಳಿ ಬೀಸುತ್ತಿದ್ದದ್ದು ಆ ಕಡೆಯಿಂದ. ಅವನ ಕಣ್ಣೆದುರೇ ಆ ಗಾಳಿಯನ್ನು ಬಿಟ್ಟಳು. ಅಂಕಿ ಪಾಯಿಂಟ್ ಎರಡು ಋಣಕ್ಕೆ ಇಳಿದು, ಅಲ್ಲಾಡದೆ ನಿಂತಿತು.

“ಸೊನ್ನೆಗಿಂತ ಕೆಳಗೆ ಹೇಗೆ ಹೋಗುತ್ತೆ?” ಎಂದ ಗೈರತ್.

“ಹೋಗಲ್ಲ, ಅಕಾ. ಇದು ಇಷ್ಟು ಹೊತ್ತು ಅಷ್ಟು ಸುಳ್ಳು ಹೇಳ್ತಿತ್ತು.”

ಅವಳು ಸೊನ್ನೆಯ ಗುಂಡಿ ಒತ್ತಿದಳು. ಸಿಲಿಂಡರ್ ಬಿಟ್ಟಳು, ಚೀಟಿಯ ಅಂಕಿಗೆ ಬಂದು ಕೂತಿತು. ಬಳಿಕ ಗೂಡಿನ ಹೊಗೆಗೆ ತಿರುಗಿಸಿದಳು. ಅಂಕಿ ಏರುತ್ತ ಏರುತ್ತ ಪಾಯಿಂಟ್ ಏಳರ ಹತ್ತಿರ ಹೋಗಿ ಅಲ್ಲೇ ತೂಗಿತು. ಗೈರತ್ ಅದನ್ನೇ ನೋಡುತ್ತ ನಿಂತ. ಬಳಿಕ ಫೋನು ಎತ್ತಿಕೊಂಡ.

“ಕಲ್ಲಿದ್ದಲು ಇಳಿಸಿ. ಅರ್ಧಕ್ಕೆ. ಹೇಳಿದ್ದು ಕೇಳಿಸ್ತಾ? ಅರ್ಧಕ್ಕೆ!” ಎಂದವನು, ಫೋನು ಇಟ್ಟು ಮೆಲ್ಲಗೆ ಕೇಳಿದ: “ಒಲೆಗೆ ಅಲ್ಲಿ ಜಾಗ ಕೊಟ್ಟಿದ್ದು ಯಾರು?”

“ನಾನು.”

“ಹ್ಞೂಂ” ಎಂದ ಗೈರತ್. “ಕಲ್ಲಿದ್ದಲು ಜಾಸ್ತಿ ಹಾಕಿಸಿದ್ದು ನಾನು.”

ಇಬ್ಬರೂ ಅಂಕಿ ಇಳಿಯುವುದನ್ನು ನೋಡುತ್ತ ನಿಂತರು. ಆರು. ಐದು. ಗೂಡಿನ ಉಸಿರು ಹಗುರಾಗುತ್ತ ಬಂತು. ನಾಲ್ಕಾಯಿತು, ಮೂರಾಯಿತು.

“ಈಗ ಫಿಲ್ಟರ್ ಹಾಕಿಸ್ಲಾ?” ಎಂದು ಗೈರತ್ ಕೇಳಿದ. “ಊರೆಲ್ಲ ಬೈತಿದೆ.”

“ಬೇಡ. ಮೇಲಿನವರು ಇಳೀಲಿ.”

“ಅಂಕಿ ಸರಿಯಾಯ್ತಲ್ಲ?”

“ಬೆಳಿಗ್ಗೇನೂ ಸರಿಯಾಗೇ ಕಾಣ್ತಿತ್ತು, ಅಕಾ.”

ಅವಳು ಕಬ್ಬಿಣದ ಏಣಿಯ ಬುಡಕ್ಕೆ ಹೋಗಿ ನಿಂತಳು. ಮೊದಲು ಇಳಿದವನು ಬೆಸುಗೆಯವನು, ಅವನ ಹಿಂದೆ ಅವನ ಜೊತೆಗಾರ. ಹಸಿರು ಅಂಗಿ ಬರಲಿಲ್ಲ. ಮುಕದ್ದಸ್ ಏಣಿಯ ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ತೋಖ್ತಾಸಿನ್ ಸಲಕರಣೆಗಳನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದಾನೆಂದು ಬೆಸುಗೆಯವನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಕೊನೆಗೆ ತಾರಸಿಯ ಅಂಚಿನಲ್ಲಿ ಎರಡು ಬೂಟುಗಳು ಕಂಡವು, ಅವುಗಳ ಮೇಲೆ ಈಗ ಯಾವ ಬಣ್ಣವೂ ಇಲ್ಲದ ಅಂಗಿ.

“ಯಾರು ಫಿಲ್ಟರ್ ಕಡಿದಿದ್ದು?” ಎಂದು ತೋಖ್ತಾಸಿನ್ ಅರ್ಧ ಏಣಿಯಲ್ಲೇ ಕೂಗಿದ. “ಇನ್ನು ಎರಡು ಬೋಲ್ಟು ಬಿಗಿಯೋದಿತ್ತು! ಹಬ್ಬಕ್ಕೆ ಹಾಕ್ಕೊಂಡ ಹೊಸ ತೊಪ್ಪಿ ನೋಡು, ಹಿಟ್ಟಿನ ಗಿರಣಿಯಿಂದ ಬಂದ ಹಾಗಿದೆ!”

“ನಾನೇ ಕಡಿದಿದ್ದು.”

“ನೀನಾ? ಯಾಕೆ?”

“ನಿಮ್ಮಮ್ಮನ ಒಲೆ ಹೊಗೆ ನನ್ನ ಯಂತ್ರಕ್ಕೆ ಹೋಯ್ತು.”

“ಒಲೆಗೆ ಜಾಗ ತೋರಿಸಿದ್ದು ಯಾರು, ಅದನ್ನೂ ಹೇಳು!” ಎಂದು ಗೋಡೆಯ ಹಿಂದಿನಿಂದ ಇನೋಯತ್‌ರ ದನಿ ಬಂತು. ದಸ್ತರಖಾನು ಹಿಡಿದ ಹೆಂಗಸರು ಬಿದ್ದು ಬಿದ್ದು ನಕ್ಕರು. ಬಟ್ಟೆ ಅಲುಗಿ, ಅದರ ಮೇಲೆ ಕೂಡಿದ್ದ ಬೂದಿ ಅವರದೇ ಕಾಲ ಮೇಲೆ ಸುರಿಯಿತು.

ತೋಖ್ತಾಸಿನ್ ನೆಲಕ್ಕಿಳಿದ. ಅವನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಹೆಂಡತಿ ತನ್ನ ಭುಜದ ಧೂಳನ್ನು ಕೊಡವುತ್ತಿದ್ದಾಳೆಂದು ಮೊದಲು ಭಾವಿಸಿದ. ಆದರೆ ಅವಳ ಅಂಗೈ ಒಂದೇ ಕಡೆ ಮತ್ತೆ ಮತ್ತೆ ಬಡಿಯುತ್ತಿತ್ತು, ಅಲ್ಲಿನ ಧೂಳು ಹೋಗಿ ಹಸಿರು ಕಂಡ ಮೇಲೂ. ಅವನು ಗೈರತ್‌ನ ಮುಖ ನೋಡಿದ. ಗೈರತ್ ಕಣ್ಣು ತಗ್ಗಿಸಿದ. ಆಮೇಲೆ ತೋಖ್ತಾಸಿನ್ ತೊಪ್ಪಿಯ ಮಾತೆತ್ತಲಿಲ್ಲ. ಚೀಲವನ್ನು ನೆಲಕ್ಕಿಟ್ಟು, ಅವಳು ಬಡಿಯುವಷ್ಟು ಹೊತ್ತು ಸುಮ್ಮನೆ ನಿಂತ.

“ಅಲ್‌ಹಮ್ದುಲಿಲ್ಲಾ” ಎಂದಳು ಮುಕದ್ದಸ್, ಯಾರಿಗೂ ಕೇಳದಂತೆ. ಬಳಿಕ ಗೈರತ್‌ನ ಕಡೆ ತಿರುಗಿ ಹೇಳಿದಳು:

“ಈಗ ಹಾಕಿಸಿ, ಅಕಾ.”